ಸ್ಟೇಟ್‌ಬ್ಯಾಂಕಿನಿಂದ ತಲಪಾಡಿಗೆ

ಫಾರಂನಲ್ಲಿ ಒಂದು ಗೆರೆ ಉಂಟು, ಸೊನ್ನೆಯಿಂದ ಹತ್ತರವರೆಗೆ.
ನೋವು ಎಲ್ಲಿದೆ ಎಂದು ಕೇಳಿ ಗುರುತು ಹಾಕಬೇಕು.
ಮೋನಪ್ಪಣ್ಣ ಗೆರೆ ನೋಡಿದರು, ನನ್ನನ್ನು ನೋಡಿದರು,
ಕ್ಯಾಲೆಂಡರಿನ ಬೆನ್ನಿನಲ್ಲಿ ಬರೆದರು:
ತೊಕ್ಕೊಟ್ಟು.

ಇಪ್ಪತ್ತಾರು ವರ್ಷ ಅದೇ ರೂಟು.
'ದುಂಬು ಪೋಲೆ, ದುಂಬು ಪೋಲೆ' ಎಂದು
ಹಿಂಬಾಗಿಲಿನಿಂದ ಊರನ್ನೇ ಮುಂದಕ್ಕೆ ತಳ್ಳಿದ ದನಿ
ಈಗ ಗಂಟಲ ಕೊಳವೆಯಲ್ಲಿ ಬರೇ ಗಾಳಿ.
ನಾನು ಗೆರೆ ಹೊಡೆದುಹಾಕಿ ಸ್ಟಾಪುಗಳನ್ನು ಬರೆದುಕೊಂಡೆ.
ಸ್ಟೇಟ್‌ಬ್ಯಾಂಕ್ ಸೊನ್ನೆ. ಕಂಕನಾಡಿ, ಪಂಪ್‌ವೆಲ್,
ಎಕ್ಕೂರು, ಜಪ್ಪಿನಮೊಗರು,
ಆಮೇಲೆ ಸಂಕ, ಕೆಳಗೆ ನೇತ್ರಾವತಿ.
ತಲಪಾಡಿ ಹತ್ತು. ಅದರಾಚೆ ನಮಗೆ ಪರ್ಮಿಟ್ ಇಲ್ಲ
ಎಂದು ಅವರೇ ಸೇರಿಸಿದರು.

ಮನೆ ಇರುವುದು ಜಪ್ಪಿನಮೊಗರಿನಲ್ಲಿ, ರೈಲು ಹಳಿಯ ಕೆಳಗೆ.
ನೋವು ಮಾತ್ರ ಆ ಸ್ಟಾಪಿನಲ್ಲಿ ಇಳಿಯುತ್ತಿರಲಿಲ್ಲ.
ಮಾರ್ಫಿನ್ ಕೊಟ್ಟು ಮುಕ್ಕಾಲು ಗಂಟೆಗೆ
ಪಂಪ್‌ವೆಲ್ ಎಂದು ಬರೆಯುತ್ತಿದ್ದರು.
ನಾನು ನಂಬುತ್ತಿರಲಿಲ್ಲ.
ಗಂಡಸರು ಯಾವತ್ತೂ ಒಂದೆರಡು ಸ್ಟಾಪು ಕಮ್ಮಿಯೇ ಹೇಳುವುದು.

ಗುಲಾಬಿಯಕ್ಕನಿಗೆ ಮಗ್ಗುಲು ಬದಲಿಸುವುದು ಕಲಿಸಿದೆ.
ಹಳೆ ಸೀರೆ ಮಡಚಿ ಅಡಿಗೆ ಹಾಕಿ,
ಎತ್ತಬೇಡಿ, ಎಳೆಯಿರಿ, ಎರಡು ಗಂಟೆಗೊಮ್ಮೆ.
ಬೀಡಿ ಕಟ್ಟಿದ ಬೆರಳು, ಬೇಗ ಕಲಿಯಿತು.
ಬಾಯಿ ಒರೆಸುವಾಗ ಮಾತ್ರ ನಡುಗಿತು.
'ಮದುವೆಯಾಗಿ ಮೂವತ್ತು ವರ್ಷ, ಸಿಸ್ಟರೇ,
ಇವರ ನಾಲಗೆಯನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.'

ಗಾಯದ ವಾಸನೆಗೆ ಮಾತ್ರೆ ಪುಡಿಮಾಡಿ ಉದುರಿಸಿದೆವು.
ನಾಲ್ಕನೇ ದಿನ ಮಗಳು ನಿರೀಕ್ಷಾ
ಹೊಸಿಲು ದಾಟಿ ಒಳಗೆ ಬಂದು
ಅಪ್ಪನ ಕಾಲಬುಡದಲ್ಲಿ ಕೂತು ಉಗುರು ಕತ್ತರಿಸಿದಳು.
ಇದಕ್ಕೆ ಫಾರಂನಲ್ಲಿ ಜಾಗವಿಲ್ಲ.
ಅಂಚಿನಲ್ಲಿ ಬರೆದೆ.

ಗೇಟಿನ ಹತ್ತಿರ ಗುಲಾಬಿಯಕ್ಕ: 'ಅವರಿಗೆ ಹೇಳಬೇಡಿ.'
ಒಳಗೆ ಕ್ಯಾಲೆಂಡರಿನ ಬೆನ್ನು: 'ಅವಳಿಗೆ ಹೇಳಬೇಡಿ.'
ಒಂದೇ ಜಾಗಕ್ಕೆ ಹರಿದ ಎರಡು ಟಿಕೇಟು
ಎರಡು ವಾರ ನನ್ನ ಚೀಲದಲ್ಲಿ.
ಮೂರನೇ ಶುಕ್ರವಾರ ಡ್ರೆಸ್ಸಿಂಗ್ ಮುಗಿಸಿ,
'ನೀವಿಬ್ಬರೂ ನನ್ನ ಹತ್ತಿರ ಒಂದೇ ಮಾತು ಹೇಳಿದ್ದೀರಿ' ಎಂದಷ್ಟೇ ಹೇಳಿ
ಟ್ರೇ ಹಿಡಿದು ಬಾವಿಕಟ್ಟೆಗೆ ನಡೆದೆ.
ಆವತ್ತು ಆ ಟ್ರೇಯನ್ನು ಮೂರು ಸಲ ತೊಳೆದೆ.
ತಿರುಗಿ ಬಂದಾಗ ಬೀಡಿಯ ಮೊರ ಕೆಳಗೆ ಬಿದ್ದಿತ್ತು,
ಎಲೆಗಳನ್ನು ಯಾರೂ ಹೆಕ್ಕುತ್ತಿರಲಿಲ್ಲ.
ಕಾಗದದಲ್ಲಿ ಹೊಸದಾಗಿ ಒಂದು ಸಾಲು.
ನಾನು ಓದಲಿಲ್ಲ.

ಹೋದದ್ದು ಭಾನುವಾರ ರಾತ್ರಿ. ನನ್ನ ಡ್ಯೂಟಿ ಅಲ್ಲ.
ಮೂರು ಗಂಟೆಗೆ ಫೋನು: ಉಸಿರು ನಿಂತು ನಿಂತು ಬರುತ್ತಿದೆ.
ನೀರು ಕುಡಿಸಬೇಡಿ, ತುಟಿ ಒದ್ದೆ ಮಾಡಿ,
ಮಗ್ಗುಲಿಗೆ ಮಲಗಿಸಿ, ಏನಾದರೂ ಮಾತಾಡಿ,
ಕೇಳಿಸುತ್ತಿರಬಹುದು.
ಏನು ಮಾತಾಡುವುದು ಎಂದರು. ಫೋನು ಇಡಲು ಮರೆತರು.
ಸ್ವಲ್ಪ ಹೊತ್ತಿನ ಮೇಲೆ ಕೇಳಿಸಿತು,
ಅವರೇ ಕಂಡಕ್ಟರಾಗಿ ವಾಪಸು ಟ್ರಿಪ್ಪು ಹೊರಡಿಸಿದ್ದರು:
ತಲಪಾಡಿ. ಉಚ್ಚಿಲ. ಕೋಟೆಕಾರು. ಕೊಲ್ಯ.
ತೊಕ್ಕೊಟ್ಟು. ಕಲ್ಲಾಪು. ಸಂಕ,
ಸಂಕ,
ಸಂಕ.

ಹನ್ನೆರಡು ದಿನ ಕಳೆದು ಹೋದೆ.
ಉಳಿದ ಮಾತ್ರೆ ವಾಪಸು ತರಬೇಕು, ಕಾನೂನು.
ಹದಿನೇಳು. ಇಬ್ಬರೂ ಎಣಿಸಿದೆವು, ಅವರು ಸಹಿ ಹಾಕಿದರು.
'ಲೆಕ್ಕ ಸರಿ ಉಂಟಾ? ನಾಲ್ಕಾಣೆ ಹೆಚ್ಚು ಕಮ್ಮಿ ಆದರೂ
ಅವರಿಗೆ ನಿದ್ದೆ ಬರುತ್ತಿರಲಿಲ್ಲ.'
ಸರಿ ಉಂಟು ಎಂದೆ.
ಚಹಾ ಕೊಟ್ಟರು. ಸಕ್ಕರೆ ಹಾಕಲು ಮರೆತಿದ್ದರು.
ಪೂರ್ತಿ ಕುಡಿದೆ.

ವ್ಯಾನು ಬೇರೆ ಮನೆಗೆ ಹೋಗಿತ್ತು. ಬಸ್ಸು ಹತ್ತಿದೆ.
ಮೀಸೆ ಈಗಷ್ಟೇ ಮೂಡಿದ ಹುಡುಗ ಚೀಲ ಕುಲುಕಿಸುತ್ತಾ ಬಂದ.
'ಎಲ್ಲಿಗೆ?'
ಊರಿನ ಹೆಸರೊಂದೂ ಬಾಯಿಗೆ ಬರಲಿಲ್ಲ.
ಅವನು ಇನ್ನೊಮ್ಮೆ ಕೇಳಿದ.
ಕಂಕನಾಡಿ ಎಂದೆ.
ಸ್ವಲ್ಪ ಕಮ್ಮಿ ಹೇಳಿದೆ.